ಬಿದ್ದದ್ದು ಗೋಡೆ, ನಿಂತದ್ದು ಅಂಕಣ

ನಮ್ಮ ದೊಡ್ಡಪ್ಪನ ಮನೆಯ ಬಡಗಣ ಗೋಡೆ ಬಿದ್ದದ್ದು ಮಳೆಯಲ್ಲಲ್ಲ, ಮಳೆ ಹೊಳವಾದ ಮೇಲೆ. ಬೀಳಗಿಯ ಹಳೇ ಊರಿನ ಓಣಿ. ಐದು ದಿನ ಹಿಡಿದ ಜಡಿಮಳೆ ನಿಂತು ಬಿಸಿಲು ಬಿದ್ದಿತ್ತು. ಮನೆಯವರು ಮಧ್ಯಾಹ್ನ ರೊಟ್ಟಿಗೆ ಕೂತಿದ್ದರು. ಧಪ್ಪನೆ ಏನೋ ಕುಸಿದ ಸದ್ದು. ಹೊರಗೆ ಬಂದು ನೋಡಿದರೆ ಹನ್ನೆರಡು ಅಡಿ ಉದ್ದದ ಗೋಡೆಯ ಹೊರಮೈ ಓಣಿಯಲ್ಲಿ ಕಲ್ಲು-ಮಣ್ಣಿನ ರಾಶಿಯಾಗಿ ಬಿದ್ದಿತ್ತು. ರಾಶಿಯ ಮೇಲೆ ಸಿಮೆಂಟ್ ಗಿಲಾವಿನ ದೊಡ್ಡ ದೊಡ್ಡ ಹಪ್ಪಳಗಳು.

ಎಲ್ಲರ ಬಾಯಲ್ಲೂ ಒಂದೇ ಮಾತು: "ಮಾಳಗಿ ಬೀಳತೈತಿ, ಹೊರಗ ಬರ್ರಿ!" ಮಾಳಿಗೆ ಬೀಳಲಿಲ್ಲ. ಅಂದು ಸಂಜೆಯೂ ಬೀಳಲಿಲ್ಲ, ಮರುದಿನವೂ ಬೀಳಲಿಲ್ಲ. ಕೆಳಗೆ ಗೋಡೆಯೇ ಇಲ್ಲದ ಕಡೆ, ತಲೆಯ ಮೇಲೆ ಟನ್ನುಗಟ್ಟಲೆ ಮಣ್ಣು ಹೊತ್ತ ತೊಲೆ ಸುಮ್ಮನೆ ತನ್ನ ಕಂಬಗಳ ಮೇಲೆ ಕೂತಿತ್ತು. ಬರಿದಾದ ಜಾಗದಲ್ಲಿ ಅಷ್ಟು ವರ್ಷ ಗೋಡೆಯೊಳಗೆ ಹುದುಗಿದ್ದ ಮೂಲೆಗಂಬ ಮೊದಲ ಸಲ ಕಣ್ಣಿಗೆ ಬಿತ್ತು. ಮೇಲೆಲ್ಲ ಹಳೆಯ ಬೆಲ್ಲದ ಬಣ್ಣ, ಉಗುರು ಊರಿದರೂ ಗುರುತು ಬೀಳದಷ್ಟು ಗಟ್ಟಿ. ಬುಡದ ಒಂದೂವರೆ ಅಡಿ ಮಾತ್ರ ಬೆರಳಿಟ್ಟರೆ ಭಂಡಾರದ ಹಾಗೆ ಉದುರುತ್ತಿತ್ತು.

ಮರುದಿನ ಬಂದ ಗೌಂಡಿಗೆ ಎಪ್ಪತ್ತರ ಹತ್ತಿರದ ವಯಸ್ಸು. ಬಿದ್ದ ಗೋಡೆಯತ್ತ ಅವರು ತಿರುಗಿಯೂ ನೋಡಲಿಲ್ಲ. ಮೊದಲು ಏಣಿ ಹಾಕಿಸಿ ಮಾಳಿಗೆ ಹತ್ತಿದರು. ಇಳಿದು ಓಣಿಯಲ್ಲಿ ಅಡ್ಡಾಡಿದರು. ಹಿತ್ತಲಿಗೆ ಹೋಗಿ ಬಚ್ಚಲ ನೀರು ಎಲ್ಲಿಗೆ ಹರಿಯುತ್ತದೆಂದು ನೋಡಿದರು. "ಗೋಡೆ ಈ ಕಡೆ ಅಲ್ಲೇನ್ರಿ ಕಾಕಾ?" ಎಂದರೆ, "ಗ್ವಾಡಿ ಎಲ್ಲೂ ಓಡಿ ಹೋಗೂದಿಲ್ಲ ತಮ್ಮಾ. ನೀರ ಎಲ್ಲಿಂದ ಬಂತು ಅನ್ನೂದು ಮೊದಲ ಹೇಳು" ಎಂದರು. ಹಳೇ ಮನೆ ರಿಪೇರಿಯ ಮೊದಲ ಪಾಠ ಅದೇ. ಉಳಿದ ಪಾಠಗಳು ಮುಂದಿನ ಒಂದೂವರೆ ತಿಂಗಳಲ್ಲಿ ಒಂದೊಂದಾಗಿ ಸಿಕ್ಕವು.

ಮನೆಯ ಲೆಕ್ಕ ಅಂಕಣದಲ್ಲಿ

ಬೀಳಗಿ, ಜಮಖಂಡಿ, ಮುಧೋಳದ ಕಡೆ ಹಳೇ ಮನೆಯನ್ನು ಚದರಡಿಯಲ್ಲಿ ಹೇಳುವುದಿಲ್ಲ. "ಎಂಟು ಅಂಕಣದ ಮನಿ" ಎನ್ನುತ್ತಾರೆ, ಕೆಲವರು "ಖಣ" ಎನ್ನುತ್ತಾರೆ. ನಾಲ್ಕು ಕಂಬಗಳ ನಡುವಿನ ಚೌಕವೇ ಒಂದು ಅಂಕಣ. ಪತ್ರಿಕೆಯ ಪುಟದಲ್ಲಿ ಬರಹಗಾರನಿಗೆ ಕೊಡುವ ಜಾಗಕ್ಕೂ ನಾವು ಅಂಕಣವೆಂದೇ ಹೆಸರಿಟ್ಟಿದ್ದೇವೆ. ಎರಡು ಗೆರೆಗಳ ನಡುವೆ ಎಷ್ಟು ಹಿಡಿಯುತ್ತದೋ ಅಷ್ಟು.

ಈ ಹೆಸರಿನಲ್ಲೇ ಕಟ್ಟಡದ ಗುಟ್ಟು ಇದೆ. ಮನೆಯನ್ನು ಅಳೆಯುವುದು ಕಂಬದಿಂದ ಕಂಬಕ್ಕೆ, ಗೋಡೆಯಿಂದ ಗೋಡೆಗಲ್ಲ. ಕಲ್ಲಿನ ಪೀಠದ ಮೇಲೆ ಮರದ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಒತ್ತೊತ್ತಾಗಿ ಜಂತಿ. ಜಂತಿಯ ಮೇಲೆ ಹಲಗೆ ಅಥವಾ ಸೀಳು ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು ಅಥವಾ ಹುಲ್ಲು, ಕೊನೆಗೆ ತುಳಿದು ಬಡಿದ ಮಣ್ಣು. ಅನುಕೂಲಸ್ಥರ ಮನೆಗೆ ಸಾಗವಾನಿ, ಉಳಿದವರ ಮನೆಗೆ ಹೊಲದ ಬದುವಿನ ಬೇವು, ಜಾಲಿ. ನಡುಮನೆಯ ಕಂಬಗಳು ಕಣ್ಣಿಗೆ ಕಾಣುತ್ತವೆ. ಹಬ್ಬಕ್ಕೆ ಎಣ್ಣೆ ಒರೆಸಿಕೊಂಡು ಮಿರಮಿರ ಹೊಳೆಯುತ್ತವೆ. ಅಂಚಿನ ಕಂಬಗಳು ಗೋಡೆಯೊಳಗೆ ಮುಳುಗಿರುತ್ತವೆ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅಲ್ಲಿ ಕಂಬ ಇದೆ ಎಂಬುದೇ ಮನೆಯವರಿಗೆ ಮರೆತುಹೋಗಿರುತ್ತದೆ.

ಇವು ಹೊರುವ ಭಾರ ಸಣ್ಣದಲ್ಲ. ಎಂಟಡಿ ಅಗಲ, ಎಂಟಡಿ ಉದ್ದದ ಒಂದು ಅಂಕಣದ ಮೇಲೆ ಒಂದಡಿ ದಪ್ಪ ಮಣ್ಣು ಹಾಕಿದರೆ ಅದು ಹೆಚ್ಚು ಕಡಿಮೆ 3 ಟನ್. ಅಂದರೆ ಅಂಕಣಕ್ಕೊಂದು ತುಂಬಿದ ಟ್ರ್ಯಾಕ್ಟರ್ ಟ್ರೇಲರು. ಮಳೆ ನೀರು ಕುಡಿದಾಗ ಇನ್ನೂ ಹೆಚ್ಚು. ಇಷ್ಟು ಭಾರವನ್ನು ನಮ್ಮವರು ತಲೆಯ ಮೇಲೆ ಯಾಕೆ ಹೊರಿಸಿಕೊಂಡರು? ಬಾಗಲಕೋಟೆ ಜಿಲ್ಲೆಗೆ ಬೀಳುವ ಮಳೆ ವರ್ಷಕ್ಕೆ 600 ಮಿಲಿಮೀಟರಿಗಿಂತ ಕಡಿಮೆ, ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಇಂಥ ಸೀಮೆಯಲ್ಲಿ ಮಾಳಿಗೆ ತಡೆಯಬೇಕಾದ ದೊಡ್ಡ ಹಗೆ ಬಿಸಿಲು. ಹಗಲಿನ ಕಾವು ಒಂದಡಿ ಮಣ್ಣನ್ನು, ಎರಡೂವರೆ ಅಡಿ ಗೋಡೆಯನ್ನು ದಾಟಿ ಒಳಗೆ ಬರುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಆಗ ಬೆಳಕಿಂಡಿ ತೆರೆದರೆ ಅದು ಬಂದ ದಾರಿಗೆ ಸುಂಕವಿಲ್ಲದೆ ಹೊರಟುಹೋಗುತ್ತದೆ.

ಎರಡು ಮುಖ, ನಡುವೆ ಪೊಳ್ಳು

ಹಾಗಾದರೆ ಅಷ್ಟು ದಪ್ಪ ಗೋಡೆಯ ಕೆಲಸವೇನು? ಮರೆ ಮಾಡುವುದು, ತಂಪು ಕಾಯುವುದು, ಕಂಬಗಳು ಆಚೀಚೆ ವಾಲದಂತೆ ಒತ್ತಿ ಹಿಡಿಯುವುದು, ಮಾಡಗಳಲ್ಲಿ ದೀಪ, ಡಬ್ಬಿ ಇಟ್ಟುಕೊಳ್ಳಲು ಜಾಗ ಕೊಡುವುದು. ಮಾಳಿಗೆಯ ಭಾರದ ಬಹುಪಾಲು ಕಂಬಗಳ ಪಾಲಿಗೆ.

ಗೋಡೆಯ ರಚನೆಯಲ್ಲಿ ಒಂದು ಮೋಸವಿದೆ. ಹೊರಗಿನಿಂದ ನೋಡಿದರೆ ಎರಡೂವರೆ ಅಡಿಯ ಇಡೀ ಕಲ್ಲುಗೋಡೆ. ಬಿದ್ದಾಗ ಗೊತ್ತಾಗುತ್ತದೆ: ಹೊರಮುಖಕ್ಕೆ ಒಂದು ಸಾಲು ಕಲ್ಲು, ಒಳಮುಖಕ್ಕೆ ಇನ್ನೊಂದು ಸಾಲು, ನಡುವೆ ತುಂಬಿದ್ದು ಚೂರುಗಲ್ಲು ಮತ್ತು ಮಣ್ಣು. ಬಲ್ಲ ಗೌಂಡಿ ಅಲ್ಲಲ್ಲಿ ಈ ಮುಖದಿಂದ ಆ ಮುಖಕ್ಕೆ ಹಾಯುವ ಉದ್ದಗಲ್ಲು ಇಟ್ಟು ಎರಡನ್ನೂ ಬಿಗಿದಿರುತ್ತಾನೆ. ಅವಸರದ ಕೆಲಸದಲ್ಲಿ ಅದು ತಪ್ಪಿಹೋಗಿರುತ್ತದೆ. ನಡುವಿನ ಮಣ್ಣಿಗೆ ನೀರಿಳಿದರೆ ಅದು ಉಬ್ಬಿ ಕೆಳಕ್ಕೆ ಜಾರುತ್ತದೆ, ಹೊರಮುಖವನ್ನು ಓಣಿಯ ಕಡೆ ತಳ್ಳುತ್ತದೆ. ಗೋಡೆ ಹೊಟ್ಟೆ ಬಿಡುವುದು ಹೀಗೆ. ದೊಡ್ಡಪ್ಪನ ಗೋಡೆ ಎರಡು ವರ್ಷದಿಂದ ಹೊಟ್ಟೆ ಬಿಟ್ಟೇ ಇತ್ತು. ಓಣಿಯ ಹುಡುಗರು ಆ ಉಬ್ಬಿಗೆ ಚೆಂಡು ಒಗೆದು ಆಡುತ್ತಿದ್ದರು.

ಈ ಮೋಸದ ಬೆಲೆ ಎಷ್ಟೆಂದು ನಮ್ಮ ನೆರೆಯ ಸೀಮೆ ಘೋರವಾಗಿ ಕಲಿತದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಗಣಪತಿ ಬಿಟ್ಟು ಬಂದು ಮಲಗಿದ್ದ ಲಾತೂರು ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಿನ ಊರುಗಳಲ್ಲಿ ಭೂಮಿ ನಡುಗಿತು, ಸಾವಿರಾರು ಜನ ಸತ್ತರು. ಅಲ್ಲಿನ ಮನೆಗಳೂ ನಮ್ಮವುಗಳಂಥವೇ: ಮರದ ಅಂಕಣ, ಮಣ್ಣಿನ ಮಾಳಿಗೆ, ಎರಡು ಮುಖದ ಕಲ್ಲುಗೋಡೆ. ಆಮೇಲೆ ಹೋಗಿ ನೋಡಿದ ಎಂಜಿನಿಯರರಿಗೆ ಕಂಡ ನೋಟ ವಿಚಿತ್ರವಾಗಿತ್ತು. ಎಷ್ಟೋ ಕಡೆ ಗೋಡೆಗಳು ಬಿಚ್ಚಿಕೊಂಡು ಉರುಳಿದ್ದವು, ಮರದ ಚೌಕಟ್ಟು ಮಾತ್ರ ಹಾಗೇ ನಿಂತಿತ್ತು. ಜನರನ್ನು ಕೊಂದದ್ದು ಉದ್ದಗಲ್ಲಿಲ್ಲದ ಗೋಡೆ ಮತ್ತು ವರ್ಷ ವರ್ಷ ಮಣ್ಣು ಹೇರಿಸಿಕೊಂಡು ದಪ್ಪವಾದ ಮಾಳಿಗೆ. ಆಮೇಲೆ ಬಂದ ಸಲಹೆಗಳು ಸರಳವಾಗಿದ್ದವು. ಗೋಡೆಗೆ ಅಡ್ಡಲಾಗಿ ತೂತು ಕೊರೆದು ಎರಡು ಮುಖಗಳನ್ನು ಬಿಗಿಯಿರಿ. ಕಂಬ-ತೊಲೆ ಕೂಡುವಲ್ಲಿ ಓರೆ ಆಸರೆ ಕೊಡಿ. ಮಾಳಿಗೆಯ ಮಣ್ಣು ಇಳಿಸಿ.

ಮರ ಉಳಿಸುತ್ತದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ ಕಾಶ್ಮೀರದ್ದು. ಮರದ ಚೌಕಟ್ಟಿನ ಸಣ್ಣ ಸಣ್ಣ ಕಿಟಕಿಗಳಂಥ ಜಾಗದಲ್ಲಿ ಕಲ್ಲು-ಮಣ್ಣು ತುಂಬಿ ಕಟ್ಟುವ 'ಧಜ್ಜಿ ದೇವಾರಿ' ಮನೆಗಳು 2005ರ ಅಕ್ಟೋಬರ್ 8ರ ಭೂಕಂಪವನ್ನು ತಡೆದುಕೊಂಡವು. ಅದನ್ನು ಕಂಡು, ಗಡಿಯಾಚೆಯ ಪುನರ್ನಿರ್ಮಾಣದಲ್ಲಿ ಅದೇ ಪದ್ಧತಿಗೆ ಸರಕಾರದ ಒಪ್ಪಿಗೆ ಸಿಕ್ಕಿತು.

ಮೂರು ನೀರು

ಗೌಂಡಿ ಕಾಕಾ ಮಾಳಿಗೆ ಹತ್ತಿದ್ದು ಮೇಲಿನ ನೀರು ನೋಡಲು. ಮೃಗಶಿರಾ ಮಳೆಗೆ ಮುಂಚೆ ಮಾಳಿಗೆಯ ಹುಲ್ಲು ಕಿತ್ತು, ಇಲಿಬಿಲ ಮುಚ್ಚಿ, ಹೊಸದಾಗಿ ಕರಲು ಮಣ್ಣು ಎರಚಬೇಕು. ಹೊಲದಲ್ಲಿ ಕರಲು ಇದ್ದರೆ ರೈತ ಹಣೆ ಚಚ್ಚಿಕೊಳ್ಳುತ್ತಾನೆ, ಬೆಳೆ ಬಾರದ ಸವಳು ಅದು. ಮಾಳಿಗೆಗೆ ಮಾತ್ರ ಅದೇ ಬೇಕು. ಸೋಡಿಯಂ ಹೆಚ್ಚಿರುವ ಆ ಮಣ್ಣು ನೀರು ತಾಗಿದೊಡನೆ ಹುಡಿಹುಡಿಯಾಗಿ ಬಿಡಿಸಿಕೊಂಡು ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ನೀರು ಕೆಳಗಿಳಿಯದೆ ಇಳಿಜಾರಿನ ದೋಣಿ ಹಿಡಿದು ಹೊರಗೆ ಬೀಳುತ್ತದೆ. ಹೊಲ ಕೆಡಿಸುವ ಗುಣವೇ ಮಾಳಿಗೆ ಕಾಯುವ ಗುಣ. ದೊಡ್ಡಪ್ಪನ ಮಾಳಿಗೆಯಲ್ಲಿ ಆ ದೋಣಿಯ ಬಾಯಿ ಕಟ್ಟಿ, ನೀರೆಲ್ಲ ಗೋಡೆಯ ತಲೆಯೊಳಗೇ ಇಳಿದಿತ್ತು.

ಓಣಿಯಲ್ಲಿ ಅಡ್ಡಾಡಿದ್ದು ಕೆಳಗಿನ ನೀರು ನೋಡಲು. ಮನೆ ಕಟ್ಟಿದಾಗ ಓಣಿಯಿಂದ ಮೂರು ಮೆಟ್ಟಿಲು ಹತ್ತಿ ಕಟ್ಟೆಗೆ ಬರಬೇಕಿತ್ತು. ಮೊದಲು ಕಡಿ ಹಾಕಿದರು, ಆಮೇಲೆ ಸಿಮೆಂಟ್ ರಸ್ತೆ ಬಂತು, ಅದು ಒಡೆದ ಮೇಲೆ ಅದರ ಮೇಲೆಯೇ ಇನ್ನೊಂದು. ಈಗ ಮೂರು ಮೆಟ್ಟಿಲೂ ರಸ್ತೆಯೊಳಗೆ ಹೋಗಿವೆ. ಹೊಸ್ತಿಲಿಗಿಂತ ರಸ್ತೆಯೇ ನಾಲ್ಕು ಬೆರಳು ಎತ್ತರ. ಓಣಿಯ ನೀರು ಗೋಡೆಯ ಬುಡಕ್ಕೇ ಬಂದು ನಿಲ್ಲುತ್ತದೆ. ಜಿಲ್ಲೆಯ ಯಾವ ಹಳೇ ಊರಿಗೆ ಹೋದರೂ ಈ ಚಿತ್ರ ಕಣ್ಣಿಗೆ ಬೀಳುತ್ತದೆ.

ದೀಪದ ಬತ್ತಿ ಎಣ್ಣೆ ಏರಿಸುವ ಹಾಗೆ ಮಣ್ಣಿನ ಗೋಡೆ ನೆಲದ ತೇವವನ್ನು ಮೇಲಕ್ಕೆಳೆಯುತ್ತದೆ. ತೇವದ ಜತೆ ಉಪ್ಪೂ ಏರುತ್ತದೆ. ನೀರು ಆರಿದಲ್ಲಿ ಉಪ್ಪು ಹರಳುಗಟ್ಟಿ, ಮಣ್ಣನ್ನು ಒಳಗಿನಿಂದ ಸಿಡಿಸುತ್ತದೆ. ಮೊಣಕಾಲೆತ್ತರದಲ್ಲಿ ಗೋಡೆ ಬಿಳಿ ಹುಡಿಯಾಗಿ ಉದುರುವುದು ಇದರಿಂದ. ಆಲಮಟ್ಟಿ ಹಿನ್ನೀರಿನ ಅಂಚಿನ ಊರುಗಳಲ್ಲಿ, ನೀರಾವರಿಯಿಂದ ಸವಳು-ಜವಳು ಹಿಡಿದ ಕಡೆ ಇದು ಇನ್ನೂ ಬಿರುಸು.

ನೆಲದ್ದೂ ಒಂದು ಪಾಲಿದೆ. ಎರೆ ಭೂಮಿ ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಕೂತ ಬುನಾದಿ ವರ್ಷಕ್ಕೊಮ್ಮೆ ಮೇಲೆದ್ದು ಕೆಳಗಿಳಿಯುತ್ತದೆ, ಗೋಡೆಯಲ್ಲಿ ಓರೆ ಬಿರುಕು ಮೂಡುತ್ತದೆ. ಬಿರುಕು ಹಳೆಯದೋ ಇನ್ನೂ ಬೆಳೆಯುತ್ತಿದೆಯೋ ಎಂದು ತಿಳಿಯಲು ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ ಪಕ್ಕದಲ್ಲಿ ತಾರೀಕು ಬರೆದರೆ ಸಾಕು. ಆರು ತಿಂಗಳಲ್ಲಿ ಗಾಜು ಸೀಳಿದರೆ ಗೋಡೆ ಇನ್ನೂ ನಡೆಯುತ್ತಿದೆ. ರಬಕವಿ-ಬನಹಟ್ಟಿಯ ನೇಕಾರ ಓಣಿಗಳ ಕಷ್ಟ ಬೇರೆ. ಕುಣಿಮಗ್ಗ ನೆಲದ ತಗ್ಗಿನಲ್ಲಿ ಕೂತು ಮೆಲ್ಲಗೆ ಸದ್ದು ಮಾಡುತ್ತಿತ್ತು. ಈಗ ಅದೇ ಮಣ್ಣಿನ ಗೋಡೆಗಳ ನಡುವೆ ಪಾವರ್‌ಲೂಮ್ ದಿನವಿಡೀ ಬಡಿಯುತ್ತದೆ, ಮಣ್ಣಿನ ಹಿಡಿತ ಅಲುಗಿ ಸಡಿಲಾಗುತ್ತದೆ.

ಗಟ್ಟಿ ಮಾಡಲು ಹೋಗಿ

ಮೂರನೆಯ ನೀರು ಮನೆಯವರೇ ಒಳಗೆ ಕೂಡಿಹಾಕಿದ್ದು. ಹದಿನೈದು ವರ್ಷದ ಹಿಂದೆ ಮದುವೆಯ ನೆಪದಲ್ಲಿ ಹೊರಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ್ದರು. "ವರ್ಷಾ ವರ್ಷಾ ಸಾರಸೂದು ಯಾರ ಮಾಡತಾರ?" ಎಂಬ ಮಾತು ಆಗ ಎಲ್ಲರಿಗೂ ಹೌದೆನಿಸಿತ್ತು. ಗೋಡೆ ಫಳಫಳ ಕಂಡಿತು, ಓಣಿಯವರೂ ಹೊಗಳಿದರು.

ಮಣ್ಣಿನ ಗೋಡೆ ತೇವ ಹೀರುತ್ತದೆ, ಹೊರಗೆ ಬಿಡುತ್ತದೆ. ಬೆವರುವ ಮೈಯಂತೆ. ಸಿಮೆಂಟ್ ಬಿಡುವುದಿಲ್ಲ. ತಲೆಯಿಂದ, ಬುಡದಿಂದ ಗೋಡೆಯೊಳಗೆ ಸೇರಿದ ನೀರಿಗೆ ಹೊರಬರುವ ದಾರಿ ಮುಚ್ಚಿತು. ಮಣ್ಣು ಬಿಸಿಲಿಗೊಂದು ರೀತಿ ಹಿಗ್ಗಿದರೆ ಸಿಮೆಂಟ್ ಇನ್ನೊಂದು ರೀತಿ. ಎರಡರ ನಡುವೆ ಸಂದು ಬಿದ್ದು, ಗಿಲಾವಿನ ಕೂದಲೆಳೆ ಬಿರುಕಿನಿಂದ ಇನ್ನಷ್ಟು ನೀರು ಒಳಕ್ಕೆ. ಬಡಿದರೆ ಡಬ್ ಡಬ್ ಎಂಬ ಪೊಳ್ಳು ಸದ್ದು ಬರುವುದು ಆ ಸಂದಿನಿಂದ. ಮರದಲ್ಲಿ ತೇವ ನೂರಕ್ಕೆ 20ರೊಳಗಿದ್ದರೆ ಕೊಳೆಸುವ ಬೂಷ್ಟಿಗೆ ಬದುಕಿಲ್ಲ. ನೂರು ಬೇಸಿಗೆ ಕಂಡ ಕಂಬ ಹಾಗೆಯೇ ಉಳಿದುಬಂದಿತ್ತು. ಹದಿನೈದು ವರ್ಷ ಒದ್ದೆ ಬಟ್ಟೆ ಸುತ್ತಿದಂತೆ ಇಟ್ಟಾಗ ಬುಡ ಕೊಳೆಯಿತು. ಹಿಂದೆಯೇ ಗೆದ್ದಲು ಬಂತು.

ಇದು ಬೀಳಗಿಯವರ ತಪ್ಪು ಮಾತ್ರವಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಓಕ್ ಮರದ ಚೌಕಟ್ಟಿನ ನಾನೂರು, ಐನೂರು ವರ್ಷದ ಮನೆಗಳಿವೆ. ಚೌಕಟ್ಟಿನ ನಡುವೆ ಹೆಣೆದ ಕಡ್ಡಿ, ಅದಕ್ಕೆ ಮೆತ್ತಿದ್ದು ಜೇಡಿಮಣ್ಣು, ಹುಲ್ಲು, ಸೆಗಣಿ. ನಮ್ಮ ಹಳ್ಳಿಯ ತಡಿಕೆಗೋಡೆಯ ಪಾಕವೇ. 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು ಅದೇ ನಾಡಿನಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ಅದೇ ಸಿಮೆಂಟನ್ನು ಆ ಮನೆಗಳಿಗೆ ಬಳಿದರು, ಒಳಗಿನ ಓಕ್ ತೊಲೆಗಳು ಕೊಳೆತವು. ಈಗ ಅಲ್ಲಿನ ರಿಪೇರಿಯ ಬಹುದೊಡ್ಡ ಕೆಲಸ ಅಜ್ಜಂದಿರ ಕಾಲದ ಸಿಮೆಂಟನ್ನು ಉಳಿಯಲ್ಲಿ ಬಿಡಿಸಿ ಮತ್ತೆ ಸುಣ್ಣಕ್ಕೆ, ಮಣ್ಣಿಗೆ ಮರಳುವುದು.

ಸುಣ್ಣ ನಮಗೇನೂ ದೂರದ್ದಲ್ಲ. ಬಾಗಲಕೋಟೆಯಿಂದ ಮುಧೋಳ, ಲೋಕಾಪುರದವರೆಗೆ ನೆಲದಡಿ ಸುಣ್ಣದ ಕಲ್ಲಿನ ಹಾಸೇ ಇದೆ. ಮುಧೋಳ ತಾಲೂಕಿನ ಮುದ್ದಾಪುರದಲ್ಲಿ ಸಿಮೆಂಟ್ ಕಾರ್ಖಾನೆ ಎದ್ದದ್ದೂ ಆ ಕಲ್ಲಿಗಾಗಿಯೇ. 100 ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ, 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ನೀರಲ್ಲಿ ಅರಳಿಸಿ ಗೋಡೆಗೆ ಹಚ್ಚಿದಾಗ ಗಾಳಿಯಿಂದ ಅದೇ ಅನಿಲವನ್ನು ಮೆಲ್ಲಗೆ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಹೀಗೆ ಆದ ಕಲ್ಲು ಸಿಮೆಂಟಿನಷ್ಟು ಬಿಗಿಯಲ್ಲ, ಅದರ ಮೈತುಂಬ ಕಾಣದ ರಂಧ್ರಗಳಿರುತ್ತವೆ. ಗೋಡೆಯ ತೇವ ಅದರ ಮೂಲಕ ಆರಿಹೋಗುತ್ತದೆ. ಹಳೇ ಗೋಡೆಯ ತೇಪೆ ಗೋಡೆಗಿಂತ ಮೆತ್ತಗಿರಬೇಕು. ಹಳೇ ಇಳಕಲ್ ಸೀರೆಗೆ ಗೋಣಿತಟ್ಟಿನ ತೇಪೆ ಹಾಕಿದರೆ ಹರಿಯುವುದು ಸೀರೆಯೇ ಹೊರತು ತಟ್ಟಲ್ಲ.

ಕೆಲಸದ ಕ್ರಮ

ಕಾಕಾ ಮೊದಲ ಎರಡು ದಿನ ಒಂದು ಕಲ್ಲನ್ನೂ ಇಡಲಿಲ್ಲ. ಮಾಳಿಗೆ ಹಗುರ ಮಾಡಿಸಿದರು. ಒಂದೂವರೆ ಅಡಿಗೆ ಬೆಳೆದಿದ್ದ ಮಣ್ಣನ್ನು ಮುಕ್ಕಾಲಡಿಗೆ ಇಳಿಸಿದರು. ಬುಟ್ಟಿಗಟ್ಟಲೆ ಇಳಿದು ಬಂದ ಆ ಮಣ್ಣನ್ನು ಎಸೆಯಲು ಬಿಡಲಿಲ್ಲ, ಹಿತ್ತಲಲ್ಲಿ ಗುಡ್ಡೆ ಹಾಕಿಸಿದರು. ದೋಣಿಯ ಬಾಯಿ ಬಿಡಿಸಿದರು. ರಸ್ತೆ ಮತ್ತು ಗೋಡೆಯ ನಡುವೆ ಒಂದಡಿ ಅಗಲದ ಕಾಲುವೆ ತೋಡಿ, ಗರಸು ತುಂಬಿ, ಓಣಿಯ ನೀರು ಗಟಾರಕ್ಕೆ ಹೋಗುವಂತೆ ಮಾಡಿದರು. ಉಳಿದ ಗೋಡೆಯ ಸಿಮೆಂಟ್ ಗಿಲಾವನ್ನೂ ಬಿಡಿಸಿ, ಮೂರು ವಾರ ಬಿಸಿಲಿಗೆ ಬಿಟ್ಟರು. ಆ ಮೂರು ವಾರ ಮನೆಯವರ ತಾಳ್ಮೆಯ ಪರೀಕ್ಷೆಯೂ ಆಯಿತು.

ನಂತರ ಕಂಬ. ತೊಲೆಯ ಕೆಳಗೆ ಎರಡು ಕಡೆ ಗಟ್ಟಿ ದಿಮ್ಮಿಗಳ ಟೇಕು ಕೊಟ್ಟು, ಲಾರಿಯ ಜಾಕ್ ಇಟ್ಟು ಕಾಲು ಬೆರಳಿನಷ್ಟು ಎತ್ತಿದರು. ತೊಲೆ ಒಮ್ಮೆ ಕಿರ್ ಎಂದಿತು, ನಮ್ಮೆಲ್ಲರ ಎದೆ ಧಸಕ್ಕೆಂದಿತು. ಕೊಳೆತ ಬುಡವನ್ನು ಗಟ್ಟಿ ಮರ ಸಿಗುವವರೆಗೆ ಗರಗಸದಲ್ಲಿ ಕೊಯ್ದರು. ಇಂಥಲ್ಲಿ ಎರಡು ದಾರಿ. ಹಳೇ ಮರವನ್ನೂ ಹೊಸ ತುಂಡನ್ನೂ ಮೆಟ್ಟಿಲಿನ ಹಾಗೆ ಕಡಿದು ಒಂದಕ್ಕೊಂದು ಕಚ್ಚಿಸಿ ಮರದ ಗೂಟ ಹೊಡೆಯುವುದು ಬಡಿಗನ ದಾರಿ. ಮರ ಕಡಿಮೆಯಾದಷ್ಟು ಕಲ್ಲಿನ ಪೀಠವನ್ನೇ ಎತ್ತರಿಸುವುದು ಗೌಂಡಿಯ ದಾರಿ. ಕಾಕಾ ಎರಡನೆಯದನ್ನು ಹಿಡಿದರು. ಹಳೇ ಪೀಠದ ಮೇಲೆ ಒಂದೂವರೆ ಅಡಿಯ ಗುಂಡಗಲ್ಲು ಕೂರಿಸಿ ಕಂಬ ಇಳಿಸಿದರು. "ಇನ್ನ ನೀರ ಬಂದ್ರ ಕಲ್ಲಿಗೆ ಬರತೈತಿ. ಕಲ್ಲಿಗೇನ ಆಗೂದೈತಿ?"

ಮಣ್ಣಿನ ಪರೀಕ್ಷೆ ಬಾಟಲಿಯಲ್ಲಿ ನಡೆಯಿತು. ಮಣ್ಣಿಗೆ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಇಟ್ಟರೆ ತಳದಲ್ಲಿ ಮರಳು, ನಡುವೆ ನುಣುಪು ಹುಡಿ, ಮೇಲೆ ಜಿಗುಟು ಪದರಗಳಾಗಿ ಕೂರುತ್ತವೆ. ಜಿಗುಟು ಕಾಲುಪಾಲಿಗಿಂತ ಹೆಚ್ಚಾದರೆ ಗೋಡೆ ಒಣಗುವಾಗ ಬಿರಿಯುತ್ತದೆ, ತೀರ ಕಡಿಮೆಯಾದರೆ ಉದುರುತ್ತದೆ. ಮಾಳಿಗೆಯಿಂದ ಇಳಿದ ಹಳೇ ಮಣ್ಣಿನಲ್ಲಿ ಕರಲಿನ ಉಪ್ಪಿನಂಶವಿತ್ತು. ಅದನ್ನು ಗೋಡೆಗೆ ಮುಟ್ಟಿಸದೆ ಮತ್ತೆ ಮಾಳಿಗೆಯ ಕೆಲಸಕ್ಕೇ ತೆಗೆದಿಟ್ಟರು. ಗೋಡೆಗೆ ಬಂದದ್ದು ಮಸಾರಿ ಮಣ್ಣು ಮತ್ತು ಬಿದ್ದ ಗೋಡೆಯದೇ ಮಣ್ಣು. ಅದಕ್ಕೆ ಗೋಧಿ ಹೊಟ್ಟು ಸೇರಿಸಿ, ನೀರು ಹಾಕಿ ತುಳಿದು, ಎಂಟು ದಿನ ಕಳಿಯಲು ಬಿಟ್ಟರು. ಹೊಟ್ಟು ಕೊಳೆತು ಜಿಗಿಯಾದ ಅಂಟು ಬಿಡುತ್ತದೆ, ಅದರ ಎಳೆಗಳು ಬಿರುಕನ್ನು ಹಿಡಿದಿಡುತ್ತವೆ. ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕು. ಹದ ಬಂದದ್ದರ ಗುರುತೂ ಆ ವಾಸನೆಯೇ.

ಕಟ್ಟುವಾಗ ದಿನಕ್ಕೆ ಎರಡಡಿಗಿಂತ ಮೇಲೆ ಏರಲಿಲ್ಲ. ಹಸಿ ಮಣ್ಣು ಮೇಲಿನ ಭಾರಕ್ಕೆ ಹಿಸುಕಿಕೊಳ್ಳಬಾರದು. ಪ್ರತಿ ಎರಡಡಿಗೆ ಒಂದು ಉದ್ದಗಲ್ಲು, ಈ ಮುಖದಿಂದ ಆ ಮುಖಕ್ಕೆ. ಬಿದ್ದ ಕಲ್ಲುಗಳನ್ನೇ ಕಟ್ಟಿದ್ದು. ಹೊಸದಾಗಿ ತಂದದ್ದು ಉದ್ದಗಲ್ಲು, ಪೀಠದ ಕಲ್ಲು ಮಾತ್ರ. ಮೇಲೆ ಎರಡು ಪದರ ಮಣ್ಣಿನ ಗಿಲಾವು, ಅದರ ಮೇಲೆ ಸುಣ್ಣ. ಒಳಗೋಡೆಯನ್ನು ಹೊಸದಾಗಿಯೇ ಕಟ್ಟಬೇಕಾದವರಿಗೆ ಇನ್ನೊಂದು ದಾರಿಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಬೆಳೆಸಿದ, ಅಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ. ಸುಡುವ ಕೆಲಸವಿಲ್ಲ, ಮಣ್ಣು ಊರಿನದೇ.

ಸುಣ್ಣ-ಕಾರಣೆ

ಈ ಮನೆಗಳು ನೂರು ವರ್ಷ ಬಾಳಿದ್ದಕ್ಕೆ ಮರ, ಮಣ್ಣು ಎರಡೇ ಕಾರಣವಲ್ಲ. ದಸರೆ, ಯುಗಾದಿಗೆ ಮನೆಯ ಹೆಣ್ಣುಮಕ್ಕಳು ಗೋಡೆ ಸಾರಿಸಿ, ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಕಾರಣೆ ಎಳೆಯುತ್ತಿದ್ದರು. ಅದನ್ನು ನಾವು ಹಬ್ಬದ ಸಿಂಗಾರವೆಂದು ತಿಳಿದೆವು. ನಿಜವಾಗಿ ಅದು ವರ್ಷಕ್ಕೆರಡು ಸಲದ ತಪಾಸಣೆ. ಕೈಯಲ್ಲಿ ಮಣ್ಣು ಹಿಡಿದು ಗೋಡೆಯ ಪ್ರತಿ ಗೇಣನ್ನೂ ಸವರಿದವಳಿಗೆ ಯಾವ ಬಿರುಕು ಹೊಸದು, ಎಲ್ಲಿ ತೇವ ಏರಿದೆ, ಎಲ್ಲಿ ಇಲಿ ತೋಡಿದೆ ಎಂಬುದು ಬೆರಳಿಗೇ ಗೊತ್ತಾಗುತ್ತಿತ್ತು. ಬೆರಳಿಗೆ ಸಿಕ್ಕದ್ದನ್ನು ಅಲ್ಲೇ ಒಂದು ಮುದ್ದೆ ಮಣ್ಣಿನಲ್ಲಿ ಮುಚ್ಚುತ್ತಿದ್ದಳು. ಈ ಕೆಲಸಕ್ಕೆ ಕೂಲಿಯಿರಲಿಲ್ಲ, ಹೆಸರೂ ಇರಲಿಲ್ಲ. ಸಿಮೆಂಟ್ ಬಂದಾಗ ಆ ದುಡಿಮೆ ತಪ್ಪಿತೆಂದು ಅವಳು ನಿಟ್ಟುಸಿರು ಬಿಟ್ಟದ್ದೂ ನ್ಯಾಯವೇ. ಆದರೆ ಆ ಬೆರಳುಗಳ ಜಾಗಕ್ಕೆ ಇನ್ನಾರೂ ಬರಲಿಲ್ಲ.

1877ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಮಾರಿಸ್ ಹಳೇ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದ. ಹಳೆಯದನ್ನು ಕೆಡವಿ 'ಹೊಸ ಹಳತು' ಮಾಡುವ ಬದಲು ದಿನದಿನದ ಆರೈಕೆಯಿಂದ ಅಳಿವನ್ನು ಮುಂದೂಡಿರಿ ಎಂಬುದು ಅವನ ವಾದ. ಆಧುನಿಕ ಕಟ್ಟಡ ಸಂರಕ್ಷಣೆಯ ತಳಹದಿಗಳಲ್ಲಿ ಅದೂ ಒಂದು. ಯುಗಾದಿಯ ಮುನ್ನಾ ದಿನ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದವರು ಆ ವಾದವನ್ನು ಕೇಳಿರಲಿಲ್ಲ, ಮಾಡುತ್ತಿದ್ದದ್ದು ಅದನ್ನೇ.

ಕಚ್ಚಾ ಎಂಬ ಹಣೆಪಟ್ಟಿ

ಸರಕಾರದ ಕಾಗದದಲ್ಲಿ ಇಂಥ ಮನೆ 'ಕಚ್ಚಾ'. ಮುತ್ತಜ್ಜನ ಕಾಲದ ಸಾಗವಾನಿ ತೊಲೆಯ ಮನೆ ಕಚ್ಚಾ, ಮೊನ್ನೆ ಕಟ್ಟಿ ಈಗಲೇ ಸೋರುವ ಆರ್‌ಸಿಸಿ ಪಕ್ಕಾ. 2009ರ ಸೆಪ್ಟೆಂಬರ್ ಕೊನೆಗೆ ಬಂದ ಮಹಾಮಳೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದವು. ಆಗ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪಸ್ವಲ್ಪ ಹಾನಿಯಾದದ್ದಕ್ಕೆ 50 ಸಾವಿರ ಪರಿಹಾರ. ನೊಂದವರಿಗೆ ಆ ಹಣ ಬೇಕೇ ಬೇಕಿತ್ತು. ಆದರೆ ಅರ್ಧ ಬಿದ್ದ ಗೋಡೆಯ ಮುಂದೆ ನಿಂತ ಬಡವ ಲೆಕ್ಕ ಹಾಕುವುದು ಹೇಗೆ ಹೇಳಿ. ರಿಪೇರಿಗಿಂತ ಕೆಡವುವುದೇ ಲಾಭ.

ಬೀಳಗಿ ತಾಲೂಕಿಗೆ ಇನ್ನೊಂದು ಗಂಟೂ ಇದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಶಂಕುಸ್ಥಾಪನೆ ಮಾಡಿದ ಆಲಮಟ್ಟಿ ಅಣೆಕಟ್ಟೆಯ ನೀರು ಈಗ 519.6 ಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ಅದನ್ನು 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಹಾದಿ ತೋರಿಸಿತು. ಅಂದಿನಿಂದ ಹಿನ್ನೀರಿನ ಊರುಗಳು ಇಂದು ಏಳಬೇಕೋ ನಾಳೆ ಏಳಬೇಕೋ ಎಂದು ಕಾದಿವೆ. ಮುಳುಗಡೆಯ ಪಟ್ಟಿಯಲ್ಲಿರುವ ಮನೆಯ ಗೋಡೆಗೆ ಮಣ್ಣು ಮೆತ್ತುವವರು ಯಾರು? ಮೊದಲು ಎದ್ದ ಊರುಗಳವರು ಪುನರ್ವಸತಿ ಕೇಂದ್ರಕ್ಕೆ ಹೋಗುವಾಗ ಗೋಡೆಗಳನ್ನು ನೀರಿಗೆ ಬಿಟ್ಟರು, ಕಂಬ, ತೊಲೆ, ತಲಬಾಗಿಲು ಬಿಚ್ಚಿ ಗಾಡಿಗೆ ಹೇರಿಕೊಂಡರು. ಯಾವುದು ಮನೆ, ಯಾವುದು ಮನೆಯ ಹೊದಿಕೆ ಎಂಬುದು ಅವರಿಗೆ ಗೊತ್ತಿತ್ತು.

ದೊಡ್ಡಪ್ಪನ ಮನೆಯಲ್ಲಿ ಕಾಕಾ ಕೊನೆಯ ದಿನ ಗಿಲಾವು ಮುಗಿಸಿದಾಗ ಮೂಲೆಗಂಬದ ಬುಡದಲ್ಲಿ ಒಂದು ಗೇಣು ಜಾಗ ಹಾಗೇ ಬಿಟ್ಟಿದ್ದರು. ಕೆಲಸ ಬಾಕಿ ಉಳಿಯಿತೆಂದು ನಾವು ಅಂದುಕೊಂಡೆವು. "ಬಾಕಿ ಅಲ್ಲೋ ತಮ್ಮಾ, ಅದು ಕಿಂಡಿ. ಕಂಬ ಕಣ್ಣಿಗೆ ಕಾಣಬೇಕು. ಕಾಣದ್ದನ್ನ ಯಾರೂ ನೋಡೂದಿಲ್ಲ" ಎಂದರು.

ಮರುವರ್ಷ ಮಳೆ ಹಿಡಿದಾಗ ನಾನು ಅಲ್ಲೇ ಇದ್ದೆ. ಮೊದಲ ದಿನ ಗೋಡೆ ಮೊಣಕಾಲೆತ್ತರಕ್ಕೆ ಕಪ್ಪಾಯಿತು, ಎರಡನೆಯ ದಿನ ಗೇಣಿನಷ್ಟು ಏರಿತು. ಮಳೆ ನಿಂತ ಮೂರನೆಯ ಬೆಳಿಗ್ಗೆ ದೊಡ್ಡವ್ವ ಅಂಗಳ ಗುಡಿಸುತ್ತ ಆ ಮೂಲೆಗೆ ಬಂದಳು. ಕಸಬರಿಗೆಯನ್ನು ಎಡಗೈಗೆ ದಾಟಿಸಿ, ಕಿಂಡಿಯೊಳಗೆ ಬೆರಳಿಟ್ಟು ಕಂಬ ಮುಟ್ಟಿದಳು, ಅಂಗೈಯಿಂದ ಗೋಡೆ ಸವರಿದಳು. "ಆರೈತಿ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಮುಂದೆ ಗುಡಿಸುತ್ತ ಹೋದಳು.